ಅವ್ವನ ಕೋಣೆಗೆ ಎಷ್ಟು ಫಿನ್ನಿನ ಹೀಟರ್?

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದ ಕಡೆಯ ಹಳ್ಳಿ. ಹಳೇ ಹೆಂಚಿನ ಮನೆ ಕೆಡವಿ ಎಂಟು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟಿಸಿದೆವು. ಬಡಗಣ ಮೂಲೆಯ ಕೋಣೆ ಅವ್ವನದು. ಹತ್ತಡಿಗೆ ಹನ್ನೆರಡಡಿ ಇದೆ. ಅವ್ವನಿಗೆ ಈಗ 76. ಆಷಾಢದಲ್ಲಿ ಆ ಕೋಣೆ ಶೀತ, ಧನುರ್ಮಾಸದಲ್ಲಿ ಕೊರೆಯುವ ಚಳಿ. ಬೆಂಗಳೂರಿನಲ್ಲಿರುವ ತಮ್ಮ ತಂದುಕೊಟ್ಟಿದ್ದ ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಇತ್ತು. ಈ ಸಲ ಅದರ ಅಡಿಯಿಂದ ಎಣ್ಣೆ ಸೋರುತ್ತಿದೆ. ಬೆಸುಗೆ ಹಾಕಿಸಿ ಎಣ್ಣೆ ತುಂಬಿಸಿದರೆ ನಡೆಯುತ್ತದೆಯೆ? ಹೊಸದು ತರುವುದಾದರೆ 9, 11, 13 ಫಿನ್ ಎಂದು ಬೇರೆ ಬೇರೆ ಇವೆ. ಅಂಗಡಿಯವರು 13 ಫಿನ್ನಿನದೇ ಒಯ್ಯಿರಿ ಎನ್ನುತ್ತಾರೆ. ಅವ್ವ ಮಾತ್ರ, "ಅದ್ಯಾವುದೂ ಬ್ಯಾಡ, ಅಗ್ಗಿಷ್ಟಿಕೆಗೆ ಒಂದಿಷ್ಟು ಕೆಂಡ ಹಾಕ್ಕೊಡಿ ಸಾಕು" ಅಂತಾರೆ. ಯಾವುದು ಸರಿ? ನಮಗೆ ಎರಡು ಹೊಗೆಸೊಪ್ಪಿನ ಬ್ಯಾರನ್ ಇವೆ, ಬೆಂಕಿ ನಮಗೆ ಹೊಸದಲ್ಲ. ಆದರೂ ಇದು ಬಗೆಹರಿಯುತ್ತಿಲ್ಲ.
— ಒಬ್ಬ ರೈತ ಓದುಗರು, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ಅವರು ಹೇಳುವುದು ಅವರ ಕಾಲಕ್ಕೆ ಸುಳ್ಳಲ್ಲ. ಹೆಂಚಿನ ಮನೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರು. ಕೆಂಡದ ಗಾಳಿ ಹೆಂಚಿನ ಸಂದಿಗಳಿಂದ ತಾನಾಗಿಯೇ ಮೇಲೆ ಹೋಗುತ್ತಿತ್ತು. ಈಗಿನ ಕೋಣೆಗೆ ಮೇಲೆ ಸ್ಲ್ಯಾಬು, ಕಿಟಕಿಗೆ ಗಾಜು, ಬಾಗಿಲಿಗೆ ಪ್ಲೈವುಡ್. ಇದರೊಳಗೆ ಕೆಂಡ ಇಟ್ಟು ಬಾಗಿಲು ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಮೊದಲು ತಲೆಭಾರ, ಆಮೇಲೆ ಮಂಪರು, ಆಮೇಲೆ ಎಚ್ಚರವೇ ಇಲ್ಲ. ಹೊಗೆಯಾಡುವ ಸೌದೆಗಿಂತ ಹೊಗೆಯಿಲ್ಲದ ಕೆಂಡವೇ ಹೆಚ್ಚು ಮೋಸಗಾರ. ಹೊಗೆಯಾದರೆ ಕೆಮ್ಮು ಬರಿಸಿ ಎಬ್ಬಿಸುತ್ತದೆ, ಕೆಂಡ ಎಬ್ಬಿಸುವುದಿಲ್ಲ. ಆದ್ದರಿಂದ ಅವ್ವನಿಗೆ ನಯವಾಗಿ ಹೇಳಿ: ಕೆಂಡ ಅಂಗಳಕ್ಕೆ ಸರಿ, ಕೋಣೆಗೆ ಬೇಡ.

ಇನ್ನು ಸೋರುವ ಹೀಟರ್. ಅದಕ್ಕೆ ಬೆಸುಗೆ ಹಾಕಿಸಬೇಡಿ, ಎಣ್ಣೆ ತುಂಬಿಸಬೇಡಿ. ಅದರೊಳಗಿನ ಎಣ್ಣೆ ಉರಿಯುವ ಎಣ್ಣೆಯಲ್ಲ, ಶಾಖ ಸಾಗಿಸುವ ಎಣ್ಣೆ. ಅದು ಖರ್ಚಾಗುವುದಿಲ್ಲ, ಹಾಗಾಗಿ ಮತ್ತೆ ತುಂಬುವ ಬಾಬತ್ತೂ ಅದಕ್ಕಿಲ್ಲ. ಕಾದಾಗ ಎಣ್ಣೆ ಹಿಗ್ಗುವುದರಿಂದ ಒಳಗೆ ಅಳತೆಯಂತೆ ಒಂದಿಷ್ಟು ಖಾಲಿ ಜಾಗ ಬಿಟ್ಟು ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ. ಎಣ್ಣೆ ಸೋರಿ ಮಟ್ಟ ಇಳಿದರೆ ಅಡಿಯಲ್ಲಿರುವ ಕಾಯಿಲ್ ಮಿತಿಮೀರಿ ಕಾಯುತ್ತದೆ. ಹೆಚ್ಚು ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಬೆಸುಗೆ ಬಿಡುತ್ತದೆ. ಎರಡೂ ಅಪಾಯವೇ. ಪ್ಲಗ್ ಕಿತ್ತು, ನೆಲದ ಎಣ್ಣೆಯನ್ನು ಒರೆಸಿ ತೆಗೆಯಿರಿ. ವಯಸ್ಸಾದವರು ಓಡಾಡುವ ಜಾಗ, ಜಾರಿದರೆ ಚಳಿಗಿಂತ ದೊಡ್ಡ ಪಾಡು.

ಬ್ಯಾರನ್ ಇದ್ದವರಿಗೆ ರೇಡಿಯೇಟರ್ ಹೊಸದಲ್ಲ

ಹುಣಸೂರಿನಲ್ಲಿ ಬಸ್ಸಿಳಿದು "ರೇಡಿಯೇಟರ್ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಜನ ಟ್ರ್ಯಾಕ್ಟರ್ ಗ್ಯಾರೇಜಿನ ಕಡೆ ಕೈ ತೋರಿಸುತ್ತಾರೆ. ಅದೂ ರೇಡಿಯೇಟರೇ, ಆದರೆ ಕೆಲಸ ತಿರುವುಮುರುವು. ಎಂಜಿನ್ನಿಗೆ ಬೇಡವಾದ ಶಾಖವನ್ನು ಅದು ಹೊರಗೆ ಚೆಲ್ಲುತ್ತದೆ. ಮನೆಯದು ಬೇಕಾದ ಶಾಖವನ್ನು ಒಳಗೆ ಚೆಲ್ಲುತ್ತದೆ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ನೆಲೆಸಿದ ನಮ್ಮವರ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡ ಬಿಳಿ ತಗಡಿನ ಪೆಟ್ಟಿಗೆ ಇರುತ್ತದಲ್ಲ, ಅದು ಇನ್ನೊಂದು ಬಗೆ. ಅಲ್ಲಿ ಮನೆಗೆಲ್ಲ ಒಂದೇ ಬಾಯ್ಲರ್. ಅದರ ಬಿಸಿನೀರು ಕೊಳವೆಯಲ್ಲಿ ಪ್ರತಿ ಕೋಣೆಗೂ ಹರಿದು ಬರುತ್ತದೆ. ನಿಮ್ಮ ಹೀಟರಿನಲ್ಲಿ ಬಾಯ್ಲರೂ ಕೊಳವೆಯೂ ಒಂದೇ ಡಬ್ಬಿಯೊಳಗಿದ್ದು, ನೀರಿನ ಬದಲು ಎಣ್ಣೆ ಇದೆ, ಅಷ್ಟೆ.

ಆದರೆ ನಿಮಗೆ ಇದನ್ನೆಲ್ಲ ಹೇಳಿಕೊಡುವ ಅಗತ್ಯವೇ ಇಲ್ಲ. ನಿಮ್ಮ ಬ್ಯಾರನ್ ಒಳಗೆ ನೆಲದುದ್ದಕ್ಕೂ ಮಲಗಿರುವ ತಗಡಿನ ಕೊಳವೆಗಳೇ ರೇಡಿಯೇಟರ್. ಸೌದೆ ಹೊರಗಿನ ಒಲೆಯಲ್ಲಿ ಉರಿಯುತ್ತದೆ, ಬಿಸಿ ಹೊಗೆ ಕೊಳವೆಯೊಳಗೆ ಸುತ್ತಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೆಸರು ಹೊಗೆಸೊಪ್ಪು, ಆದರೂ ನಮ್ಮ ವರ್ಜೀನಿಯಾ ತಂಬಾಕಿಗೆ ಹೊಗೆ ತಾಕುವ ಹಾಗಿಲ್ಲ. ಎಲೆಗೆ ಸಿಗುವುದು ಕೊಳವೆಯ ಶಾಖ ಮಾತ್ರ. ಕಾದ ಗಾಳಿ ಮೇಲೇಳುತ್ತದೆ, ಕೆಳಗಿನ ಕಿಂಡಿಯಿಂದ ತಣ್ಣನೆಯದು ಒಳಬರುತ್ತದೆ, ತೇವ ಹೊತ್ತ ಗಾಳಿ ಮೇಲಿನ ಕಿಂಡಿಯಿಂದ ಆಚೆ ಹೋಗುತ್ತದೆ. ಎಣ್ಣೆ ಹೀಟರಿನ ಫಿನ್‌ಗಳು ಮಾಡುವುದೂ ಇದನ್ನೇ. ಹೆಸರು ರೇಡಿಯೇಟರ್ ಆದರೂ ಅದು ಶಾಖದ ಹೆಚ್ಚುಪಾಲನ್ನು ಗಾಳಿಯ ಓಟದಿಂದಲೇ ಹಂಚುತ್ತದೆ, ಕಿರಣವಾಗಿ ಬೀರುವುದು ಕಡಿಮೆ.

ಹದ ಮಾಡುವ ಐದಾರು ದಿನ ನೀವು ಎಷ್ಟು ಎಚ್ಚರವಾಗಿರುತ್ತೀರಿ ನೋಡಿ. ಎಲೆ ಹಳದಿಯಾಗುವ ತನಕ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್, ಕೊನೆಗೆ ನಾರು ಒಣಗುವ ಹೊತ್ತಿಗೆ 160ರ ಆಸುಪಾಸು. ಅಂದರೆ ಹತ್ತಿರ ಹತ್ತಿರ 35ರಿಂದ 71 ಡಿಗ್ರಿ ಸೆಲ್ಸಿಯಸ್. ಬಾಗಿಲ ಸಂದಿಯಲ್ಲಿ ಗಾಳಿಯಾಡಿದರೆ ಶಾಖ ಏರುವುದಿಲ್ಲ, ಸೌದೆ ಮಾತ್ರ ಹೋಗುತ್ತಿರುತ್ತದೆ. ಆಗ ನೀವು ಇನ್ನೊಂದು ಒಲೆ ಕಟ್ಟಿಸುತ್ತೀರೋ, ಸಂದಿಗೆ ಮಣ್ಣು ಮೆತ್ತುತ್ತೀರೋ? ಅವ್ವನ ಕೋಣೆಗೂ ಅದೇ ಉತ್ತರ. ಎಷ್ಟು ಫಿನ್ ಎಂಬುದು ಎರಡನೆಯ ಪ್ರಶ್ನೆ. ಶಾಖ ಎಲ್ಲಿಂದ ಸೋರುತ್ತಿದೆ ಎಂಬುದು ಮೊದಲನೆಯದು.

ಚಳಿ ಇರುವುದು ಗಾಳಿಯಲ್ಲಲ್ಲ, ಗೋಡೆಯಲ್ಲಿ

ಒಂದು ಒರಟು ಲೆಕ್ಕ ಹಾಕೋಣ. ಹತ್ತಡಿಗೆ ಹನ್ನೆರಡಡಿ, ಎತ್ತರ ಹತ್ತಡಿ ಎಂದುಕೊಂಡರೆ ಕೋಣೆಯಲ್ಲಿರುವ ಗಾಳಿ 34 ಘನ ಮೀಟರ್. ಇದಿಷ್ಟು ಗಾಳಿಯನ್ನು ಎಂಟು ಡಿಗ್ರಿ ಬಿಸಿ ಮಾಡಲು ಬೇಕಾದ ವಿದ್ಯುತ್ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ! ಹಾಗಾದರೆ ರಾತ್ರಿಯೆಲ್ಲ ಹೀಟರ್ ಉರಿದರೂ ಕೋಣೆ ಯಾಕೆ ಬೆಚ್ಚಗಾಗುವುದಿಲ್ಲ? ಗೋಡೆ ಕುಡಿಯುತ್ತದೆ, ಅದಕ್ಕೆ. ಅವ್ವನ ಕೋಣೆ ಮೂಲೆಯದು, ಎರಡು ಗೋಡೆ ಬಯಲಿಗೆ. ಒಂಬತ್ತಿಂಚಿನ ಆ ಎರಡು ಇಟ್ಟಿಗೆ ಗೋಡೆಯನ್ನು ಬರೀ ಒಂದು ಡಿಗ್ರಿ ಏರಿಸಲು ಸುಮಾರು ಎರಡು ಯೂನಿಟ್ ಬೇಕು. ಗಾಳಿ ಅಗ್ಗ, ಗೋಡೆ ದುಬಾರಿ.

ಇದಕ್ಕೇ ಇನ್ನೊಂದು ಅನುಭವ ಅಂಟಿಕೊಂಡಿದೆ. ಥರ್ಮಾಮೀಟರ್ 21 ಡಿಗ್ರಿ ತೋರಿಸುತ್ತಿದ್ದರೂ ಅವ್ವ "ಚಳಿ" ಅನ್ನುತ್ತಾರೆ. ಅವರು ಹೇಳುವುದೇ ಸರಿ. ಸುಮ್ಮನೆ ಕೂತ ಮನುಷ್ಯನ ಮೈ ಹೆಚ್ಚುಕಡಿಮೆ ನೂರು ವ್ಯಾಟ್ ಶಾಖವನ್ನು ಹೊರಗೆ ಬಿಡುತ್ತಿರುತ್ತದೆ. ಅದರಲ್ಲಿ ದೊಡ್ಡ ಪಾಲು ಎದುರಿನ ತಣ್ಣನೆ ಗೋಡೆಗೆ ಕಿರಣವಾಗಿ ಹೋಗುತ್ತದೆ. ಗಾಳಿ ಬೆಚ್ಚಗಿದ್ದರೂ ಗೋಡೆ ತಣ್ಣಗಿದ್ದರೆ ಮೈಗೆ ಚಳಿಯೇ. ಮಂಚದ ಒಂದು ಮಗ್ಗುಲು ಹೊರಗೋಡೆಗೆ ಅಂಟಿಕೊಂಡಿದೆಯೇ ನೋಡಿ. ಇದ್ದರೆ ಒಳಗೋಡೆಯ ಕಡೆಗೆ ಸರಿಸಿ. ಹೀಟರಿಗೆ ಒಂದು ರೂಪಾಯಿ ಸುರಿಯುವ ಮೊದಲೇ ಅರ್ಧ ಚಳಿ ಇಳಿಯುತ್ತದೆ.

ಹೊರಗೆ 14 ಡಿಗ್ರಿ, ಒಳಗೆ 21 ಬೇಕು ಎಂದುಕೊಳ್ಳಿ. ಏಳು ಡಿಗ್ರಿ ಅಂತರ. ಆ ಅಂತರ ಉಳಿಸಿಕೊಳ್ಳಲು ಎರಡು ಹೊರಗೋಡೆಗಳಿಂದ ಸುಮಾರು 300 ವ್ಯಾಟ್, ಮೇಲಿನ ಸ್ಲ್ಯಾಬಿನಿಂದ 250, ಕಿಟಕಿ, ವೆಂಟಿಲೇಟರ್, ಬಾಗಿಲ ಸಂದಿಗಳಿಂದ 150ರಿಂದ 300 ವ್ಯಾಟ್ ಹೋಗುತ್ತಲೇ ಇರುತ್ತದೆ. ಒಟ್ಟು 700ರಿಂದ 850. ಅಂದರೆ ಕಾದ ಕೋಣೆಯನ್ನು ಹಾಗೇ ಇಟ್ಟುಕೊಳ್ಳಲು ಸಾವಿರ ವ್ಯಾಟ್ ಸಾಕು. ಮೊದಲ ಅರ್ಧ ಮುಕ್ಕಾಲು ಗಂಟೆ ಬೇಗ ಏರಿಸಲು ಅದರ ಎರಡರಷ್ಟು ಇದ್ದರೆ ಒಳ್ಳೆಯದು. ಇದು ದೆಹಲಿಯ, ಶಿಮ್ಲಾದ ಲೆಕ್ಕವಲ್ಲ, ನಮ್ಮ ಲೆಕ್ಕ. ಅಂಗಡಿಯಲ್ಲಿ ಕೊಡುವ ಸಲಹೆ ಹಲವು ಸಲ ಉತ್ತರದ ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ.

ಮೊದಲು ಮೆತ್ತುವ ಕೆಲಸ. ಬಾಗಿಲ ಅಡಿಯ ಬೆರಳಗಲ ಸಂದಿಗೆ ಹಳೇ ಸೀರೆ ಸುತ್ತಿದ ಸುರುಳಿ ಸಾಕು. ಕಿಟಕಿ ಚೌಕಟ್ಟಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಪಟ್ಟಿ ಅಂಟಿಸಿ. ಮೇಲಿನ ಜಾಲರಿ ವೆಂಟಿಲೇಟರನ್ನು ಪೂರ್ತಿ ಮುಚ್ಚಬೇಡಿ, ಮುಕ್ಕಾಲು ಮುಚ್ಚಿ. ಉಸಿರಾಡುವ ಗಾಳಿಗೆ ದಾರಿ ಇರಲೇಬೇಕು. ಕಿಟಕಿಗೆ ದಪ್ಪ ಪರದೆ ಹಾಕಿ, ಸಂಜೆ ಐದೂವರೆಗೇ ಎಳೆಯಿರಿ. ಹಳೇ ಮನೆಯಲ್ಲಿ ಮಲಗುವ ಕೋಣೆಯ ಮೇಲೆ ಅಟ್ಟ ಇರುತ್ತಿತ್ತಲ್ಲ? ರಾಗಿ ಚೀಲ, ಹುಲ್ಲು, ಹಳೇ ಪಾತ್ರೆ ತುಂಬಿದ ಆ ಅಟ್ಟವೇ ಶಾಖ ಮೇಲೆ ಹೋಗದಂತೆ ತಡೆಯುವ ಹೊದಿಕೆಯಾಗಿತ್ತು. ಸ್ಲ್ಯಾಬಿನ ಮನೆಗೆ ಬಂದಾಗ ನಾವು ಅಟ್ಟವನ್ನು ಕಳೆದುಕೊಂಡೆವು, ಅದು ಮಾಡುತ್ತಿದ್ದ ಕೆಲಸವನ್ನೂ ಕಳೆದುಕೊಂಡೆವು. ದುಡ್ಡಿದ್ದರೆ ಸ್ಲ್ಯಾಬಿನ ಕೆಳಗೆ ಅರ್ಧ ಅಡಿ ಬಿಟ್ಟು ಫಾಲ್ಸ್ ಸೀಲಿಂಗ್ ಹಾಕಿಸಿ. ಬೇಸಿಗೆಯಲ್ಲೂ ಅದು ತಂಪು ಕೊಡುತ್ತದೆ.

ನೀವು ಆಷಾಢದ ಶೀತವನ್ನೂ ಹೇಳಿದ್ದೀರಿ. ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು. ಬಡಗಣ ಗೋಡೆಗೆ ಹೊರಗಿನಿಂದ ಮಳೆನೀರು ಇಳಿಯುತ್ತಿದ್ದರೆ ಹೀಟರ್ ಬಿಸಿ ಮಾಡುವುದು ಕೋಣೆಯನ್ನಲ್ಲ, ಆ ನೀರನ್ನು. ಗೋಡೆಯಿಂದ ಒಂದು ಲೀಟರ್ ನೀರು ಆರಬೇಕಾದರೆ ಒಂದು ಯೂನಿಟ್ಟಿನ ಮೂರನೇ ಎರಡರಷ್ಟು ಶಾಖ ಅದಕ್ಕೇ ಹೋಗುತ್ತದೆ. ಒಳಗೆ ಸುಣ್ಣ ಉಬ್ಬಿದೆಯೇ, ಮೂಲೆಯಲ್ಲಿ ಬೂಷ್ಟು ಹಿಡಿದಿದೆಯೇ ನೋಡಿ. ಇದ್ದರೆ ಈ ವರ್ಷದ ದುಡ್ಡನ್ನು ಹೊರಗಿನ ಪ್ಲಾಸ್ಟರಿಂಗಿಗೂ ಸಜ್ಜೆಗೂ ಹಾಕಿ. ಕಾಡಂಚಿನ ಎಚ್.ಡಿ. ಕೋಟೆ ಕಡೆಯವರಿಗೂ, ಕಾಲುವೆ ಬಯಲಿನ ಕೆ.ಆರ್. ನಗರದವರಿಗೂ ಈ ಮಾತು ಸಲ್ಲುತ್ತದೆ. ಹುಣಸೂರು ಪೇಟೆಯೊಳಗೆ ಮನೆಗೆ ಮನೆ ಅಂಟಿಕೊಂಡಿದ್ದರೆ ಪಕ್ಕದ ಮನೆಯೇ ಹೊದಿಕೆ. ಅಲ್ಲಿ ಇಷ್ಟೇ ಅಳತೆಯ ಕೋಣೆಗೆ ಅರ್ಧ ಶಾಖ ಸಾಕಾದೀತು.

ಫಿನ್ ಎಣಿಸಬೇಡಿ, ವ್ಯಾಟ್ ಓದಿ

ಈಗ ಅಂಗಡಿಗೆ ಹೋಗೋಣ. ಎಣ್ಣೆ ಹೀಟರಿನಲ್ಲಿ ಫಿನ್ ಹೆಚ್ಚಾದರೆ ಶಾಖ ಹಂಚುವ ಮೈ ಹೆಚ್ಚಾಗುತ್ತದೆ, ಅಷ್ಟೆ. ಎಳೆಯುವ ವಿದ್ಯುತ್ ಎಷ್ಟೋ ಕೊಡುವ ಶಾಖವೂ ಅಷ್ಟೇ. 2000 ವ್ಯಾಟಿನ 9 ಫಿನ್ ಹೀಟರೂ 2000 ವ್ಯಾಟಿನ 13 ಫಿನ್ ಹೀಟರೂ ಗಂಟೆಗೆ ಎರಡು ಯೂನಿಟ್ ತಿಂದು ಎರಡು ಯೂನಿಟ್ಟಿನ ಶಾಖವನ್ನೇ ಕೊಡುತ್ತವೆ. 13 ಫಿನ್ನಿನದು ಮುಟ್ಟಿದರೆ ಕೊಂಚ ಕಡಿಮೆ ಸುಡುತ್ತದೆ, ಆದರೆ ಎಣ್ಣೆ ಜಾಸ್ತಿ ಇರುವುದರಿಂದ ಕಾಯುವುದು ತಡ. "ಬೇಗ ಕಾಯುತ್ತೆ" ಎಂಬ ಮಾತು ನಿಂತಿರುವುದು ಅದರ ಜೊತೆ ಬರುವ ಸಣ್ಣ ಫ್ಯಾನಿನ ಮೇಲೆ. ಸಾಮಾನ್ಯವಾಗಿ ದೊಡ್ಡ ಮಾದರಿಗಳು 2500 ವ್ಯಾಟ್, ಫ್ಯಾನ್ ಹೀಟರಿನ 400 ಸೇರಿ 2900 ಎಳೆಯುತ್ತವೆ. ಅವ್ವನ ಕೋಣೆಗೆ ಅದು ಎತ್ತಿಗೆ ಆನೆಯ ನೊಗ.

"ಕರೆಂಟು ಉಳಿಸುವ ಹೀಟರ್" ಎಂದು ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ. ಕಾಯಿಲ್, ಹ್ಯಾಲೊಜೆನ್, ಸೆರಾಮಿಕ್, ಎಣ್ಣೆ ಯಾವುದಾದರೂ ಆಗಲಿ, ಒಂದು ಯೂನಿಟ್ಟಿಗೆ 860 ಕಿಲೋ ಕ್ಯಾಲೊರಿ ಶಾಖ ಎಲ್ಲದರಲ್ಲೂ ಒಂದೇ. ವ್ಯತ್ಯಾಸ ಇರುವುದು ಅದನ್ನು ಬಡಿಸುವ ರೀತಿಯಲ್ಲಿ. ಕೆಂಪಗೆ ಹೊಳೆಯುವ ರಾಡು, ಹ್ಯಾಲೊಜೆನ್ ಹೀಟರುಗಳು ಎದುರಿಗೆ ಕೂತವರ ಮೈಯನ್ನು ಬಿಸಿಲಿನ ಹಾಗೆ ನೇರ ಕಾಯಿಸುತ್ತವೆ. ಆರಿಸಿದ ಕ್ಷಣ ಬಿಸಿಲು ಮುಗಿಯಿತು. ಬೆಳಿಗ್ಗೆ ಹದಿನೈದು ನಿಮಿಷ ಕಾಲು ಕಾಯಿಸಿಕೊಳ್ಳಲು ಸರಿ, ಆದರೆ ಸೀರೆ ಸೆರಗು, ಹೊದಿಕೆ ತಾಕಿದರೆ ಹೊತ್ತಿಕೊಳ್ಳುತ್ತದೆ. ಮಲಗುವವರ ಕೋಣೆಗೆ ಅದು ಬೇಡ. ಒಣಗಿದ ಎಲೆ ಕೊಳವೆಯ ಮೇಲೆ ಬಿದ್ದು ಬ್ಯಾರನ್ನೇ ಹೊತ್ತಿ ಉರಿಯುವುದನ್ನು ನೀವು ಕಂಡವರು, ಹೆಚ್ಚು ಹೇಳಬೇಕಿಲ್ಲ. ಬ್ಲೋವರ್ ಗಾಳಿಯನ್ನು ಐದು ನಿಮಿಷದಲ್ಲಿ ಬಿಸಿ ಮಾಡುತ್ತದೆ, ಆದರೆ ಗೋಡೆ ತಣ್ಣಗೇ ಉಳಿಯುತ್ತದೆ, ಜೊತೆಗೆ ಸದ್ದು. ಎಣ್ಣೆಯದು ನಿಧಾನಿ. ಇಪ್ಪತ್ತು ನಿಮಿಷ ಕಾಯಿಸಿಯೇ ತೀರುತ್ತದೆ. ಆದರೆ ಸದ್ದಿಲ್ಲ, ಬೆಳಕಿಲ್ಲ, ಆರಿಸಿದ ಮೇಲೂ ಅರ್ಧ ಗಂಟೆ ಬೆಚ್ಚಗಿರುತ್ತದೆ. ರಾತ್ರಿ ಮಲಗುವ ಹಿರಿಯರ ಕೋಣೆಗೆ ಇದೇ ಒಗ್ಗುತ್ತದೆ.

"ಎಣ್ಣೆ ಹೀಟರ್ ಆಮ್ಲಜನಕ ಸುಡುವುದಿಲ್ಲ" ಎಂದು ಜಾಹೀರಾತು ಹೇಳುತ್ತದೆ. ಅದು ನಿಜ, ಆದರೆ ರಾಡಿನ ಹೀಟರೂ ಆಮ್ಲಜನಕ ಸುಡುವುದಿಲ್ಲ. ಅದರಲ್ಲಿ ತಂತಿ ಕೆಂಪಾಗುತ್ತದೆಯೇ ಹೊರತು ಉರಿಯುವುದಿಲ್ಲ. ಮೊದಲ ದಿನ ಬರುವ ಕಮಟು ವಾಸನೆ ಅದರ ಮೇಲೆ ಕೂತ ದೂಳಿನದು. ಹೀಟರ್ ಪಕ್ಕ ಬಟ್ಟಲಲ್ಲಿ ನೀರಿಡಬೇಕೆಂಬ ಸಲಹೆಯೂ ಒಣಚಳಿಯ ಉತ್ತರದ ಊರುಗಳಿಗೆ ಸರಿ. ನಮ್ಮಲ್ಲಿ ನಸುಕಿನ ಗಾಳಿಯ ತೇವ ಶೇ 90 ಇದ್ದು, ಅದನ್ನು 14ರಿಂದ 21 ಡಿಗ್ರಿಗೆ ಏರಿಸಿದರೂ ತೇವ ಶೇ 58ರ ಸುತ್ತ ಉಳಿಯುತ್ತದೆ. ಗಂಟಲು ಒಣಗುವಷ್ಟು ಒಣವಲ್ಲ ಅದು.

ಇನ್ನೊಂದು ದಾರಿಯಿದೆ. ಹೇಗೂ ಒಂದು ದಿನ ಆ ಕೋಣೆಗೆ ಎಸಿ ಹಾಕಿಸುವ ಯೋಚನೆ ಇದ್ದರೆ, ಬಿಸಿ-ತಂಪು ಎರಡೂ ಕೊಡುವ ಇನ್ವರ್ಟರ್ ಎಸಿ ನೋಡಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ಒಳಗೆ ತರುತ್ತದೆ. ಆದ್ದರಿಂದ ನಮ್ಮಂಥ ಹದವಾದ ಚಳಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ ಸಿಗುತ್ತದೆ. ಕರೆಂಟು ನಿಜವಾಗಿ ಉಳಿಸುವುದು ಇದೊಂದೇ. ವರ್ಷದಲ್ಲಿ ಎರಡು ತಿಂಗಳ ಚಳಿಗೆಂದು ಮಾತ್ರ ಅಷ್ಟು ದುಡ್ಡು ಹಾಕಬೇಕಿಲ್ಲ.

ಪ್ಲಗ್ಗು, ವೈರು, ಬಿಲ್ಲು

2000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ 8.7 ಆಂಪ್ ಎಳೆಯುತ್ತದೆ. 2900ರದು 12.6 ಆಂಪ್. ಫೋನ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ಟಿನ ಮಿತಿ 6 ಆಂಪ್. ಆದ್ದರಿಂದ ಇದಕ್ಕೆ 16 ಆಂಪಿನ ಪವರ್ ಪ್ಲಗ್ಗೇ ಬೇಕು. ಅದಕ್ಕೆ ಬೋರ್ಡಿನಿಂದ ಬೇರೆಯೇ ತಾಮ್ರದ ವೈರು, ಕನಿಷ್ಠ 2.5 ಚದರ ಮಿಲಿಮೀಟರಿನದು, ಅದಕ್ಕೊಂದು ಎಂಸಿಬಿ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬೇಡಿ. ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನಂತೂ ಮನೆಗೇ ತರಬೇಡಿ. ಯುಪಿಎಸ್ ಲೈನಿಗೂ ಕೊಡುವ ಹಾಗಿಲ್ಲ. ಹೀಟರಿನ ಮೈ ಪೂರ್ತಿ ಕಬ್ಬಿಣ, ಹಾಗಾಗಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಮುಟ್ಟಿದವರಿಗೆ ಷಾಕ್. ಹೀಟರ್ ತರುವ ಮುನ್ನ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಆಮೇಲೆ ಬಿಲ್ಲಿನ ಮೇಲೆ ಮಂಜೂರಾದ ಹೊರೆ ಎಷ್ಟು ಕಿಲೋವ್ಯಾಟ್ ಎಂದು ನೋಡಿಕೊಳ್ಳಿ. ಒಂದೇ ಕಿಲೋವ್ಯಾಟ್ ಇದ್ದರೆ ಚೆಸ್ಕಾಂ ಕಚೇರಿಯಲ್ಲಿ ಹೊರೆ ಹೆಚ್ಚಿಸಿಕೊಳ್ಳುವುದು ನ್ಯಾಯ.

ಹಳ್ಳಿಯಲ್ಲಿ ಇನ್ನೊಂದು ತೊಡಕಿದೆ. ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದಲ್ಲಿ 190 ಇದ್ದರೆ, 2000 ವ್ಯಾಟಿನ ಹೀಟರ್ ಕೊಡುವುದು 1,365 ವ್ಯಾಟ್ ಮಾತ್ರ. ವೋಲ್ಟೇಜ್ ಆರನೇ ಒಂದರಷ್ಟು ಇಳಿದರೆ ಶಾಖ ಮೂರನೇ ಒಂದರಷ್ಟು ಇಳಿಯುತ್ತದೆ. "ಹೀಟರ್ ಸರಿಯಿಲ್ಲ" ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮುನ್ನ ವೋಲ್ಟೇಜ್ ನೋಡಿ. ನಾನು 1000 ವ್ಯಾಟ್ ಸಾಕು ಎಂದ ಮೇಲೂ 2000ದ ಹೀಟರ್ ತನ್ನಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬಿಲ್ಲಿನ ಮಾತು. ರಾತ್ರಿ ಎರಡು ಗಂಟೆ ಪೂರ್ತಿ 2000 ವ್ಯಾಟಿನಲ್ಲಿ ಉರಿದರೆ ದಿನಕ್ಕೆ 4 ಯೂನಿಟ್, ತಿಂಗಳಿಗೆ 120. ಥರ್ಮೋಸ್ಟ್ಯಾಟ್ ಆಗಾಗ ಆರಿಸುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ ಆಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ ಹೆಚ್ಚೆಂದರೆ 720 ರೂಪಾಯಿ. ಆದರೆ ಬಹಳ ಜನ ಮರೆಯುವುದು ಗೃಹಜ್ಯೋತಿಯ ಲೆಕ್ಕ. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ ನಿಮಗೆ ಬಿಟ್ಟಿ ಸಿಗುವುದು ಸಾರಾಸಗಟು 200 ಯೂನಿಟ್ ಅಲ್ಲ, ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಗೊತ್ತು ಮಾಡಿದ ಮಿತಿ. ಅದನ್ನು ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು. ಉದಾಹರಣೆಗೆ, ಈಗ ಮನೆಯಲ್ಲಿ 90 ಯೂನಿಟ್ ಉರಿಯುತ್ತಿದ್ದರೆ ಹೀಟರಿಗೆ ಉಳಿದಿರುವ ಜಾಗ 110. ಡಿಸೆಂಬರ್, ಜನವರಿಯಲ್ಲಿ ವಾರಕ್ಕೊಮ್ಮೆ ಮೀಟರ್ ನೋಡುವ ರೂಢಿ ಮಾಡಿಕೊಳ್ಳಿ. 198ಕ್ಕೂ 202ಕ್ಕೂ ನಡುವೆ ನಾಲ್ಕು ಯೂನಿಟ್ಟಿನ ಅಂತರ, ಬಿಲ್ಲಿನಲ್ಲಿ ನೂರಾರು ರೂಪಾಯಿಯದು.

ಕೋಣೆಗಿಂತ ಮೊದಲು ಮೈ

ಒಬ್ಬ ಹಿರಿಯ ಜೀವ ಬೆಚ್ಚಗಿರಬೇಕು ಎಂಬುದು ನಿಮ್ಮ ಉದ್ದೇಶ. ಅದಕ್ಕೆ 34 ಘನ ಮೀಟರ್ ಗಾಳಿ, ನೂರಾರು ಇಟ್ಟಿಗೆ ಎಲ್ಲವನ್ನೂ ಬಿಸಿ ಮಾಡಲೇಬೇಕೆಂದಿಲ್ಲ. ನಮ್ಮ ಸೀಮೆಗೆ ಈ ವಿದ್ಯೆ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಹುಣಸೂರಿನಲ್ಲಿ ಕಂಪನಿಯ ಸೈನ್ಯಕ್ಕಾಗಿ ಚರ್ಮ ಹದ ಮಾಡುವ, ಕಂಬಳಿ ಮಾಡುವ ಕಾರ್ಖಾನೆಗಳು ನಡೆಯುತ್ತಿದ್ದವು. ನಿಮ್ಮ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರು ಹಿಮದ ನಾಡಿನವರು. ಚಳಿಗಾಲ ಬಂತೆಂದರೆ ಅವರಲ್ಲಿ ಅನೇಕರು ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ, ಹೀಟರ್ ಮಾರುವುದಿಲ್ಲ. ಚಳಿಯನ್ನು ಬಲ್ಲವರು ಮೊದಲು ಮೈಯನ್ನು ನೋಡುತ್ತಾರೆ.

ಅವ್ವನಿಗೆ ಉಣ್ಣೆಯ ಕಾಲುಚೀಲ, ತಲೆಗೆ ಮಫ್ಲರ್ ಇರಲಿ. ಹಾಸಿಗೆಯ ಕೆಳಗೂ ಒಂದು ಕಂಬಳಿ ಹಾಕಿ, ಚಳಿ ಮೇಲಿನಿಂದ ಬರುವಷ್ಟೇ ಕೆಳಗಿನಿಂದಲೂ ಬರುತ್ತದೆ. ಒಂದು ಲೀಟರಿನ ಬಿಸಿನೀರಿನ ಚೀಲ 60 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಕೊಡುವ ಶಾಖ ಯೂನಿಟ್ಟಿನ ನೂರನೇ ಮೂರು ಭಾಗವೂ ಇಲ್ಲ. ಆದರೆ ಅಷ್ಟೂ ಹೊದಿಕೆಯೊಳಗೆ ಅವ್ವನಿಗೇ ಸಲ್ಲುತ್ತದೆ, ಗೋಡೆಗೆ ಪಾಲಿಲ್ಲ. ಕುದಿಯುವ ನೀರು ಹಾಕಬೇಡಿ, ಚೀಲಕ್ಕೆ ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಈ ಚೀಲವನ್ನು ಕಾಲಿಗೆ ಇಡಲೇಬೇಡಿ. ಸುಟ್ಟರೂ ಅವರಿಗೆ ತಿಳಿಯದು.

ಕೊನೆಗೆ ತೀರ್ಪು

9 ಫಿನ್ನಿನ, 2000 ವ್ಯಾಟ್ ಮೀರದ ಎಣ್ಣೆ ಹೀಟರ್ ತನ್ನಿ. 800, 1200, 2000 ಎಂದೋ 1000, 2000 ಎಂದೋ ಹಂತಗಳಿರಲಿ. ಥರ್ಮೋಸ್ಟ್ಯಾಟ್ ಇರಲೇಬೇಕು, ಉರುಳಿದರೆ ತಾನೇ ಆರುವ ಸ್ವಿಚ್ ಇರಲೇಬೇಕು. ಅಂಗಡಿಯಲ್ಲೇ ಹೀಟರನ್ನು ಓರೆ ಮಾಡಿಸಿ ಅದು ಆರುತ್ತದೆಯೇ ಪರೀಕ್ಷಿಸಿ. ಐಎಸ್‌ಐ ಗುರುತು ನೋಡಿ. ಅದರ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ತಾಳೆ ನೋಡಬಹುದು. ಮನೆಗೆ ತಂದ ಮೇಲೆ ಕಿಟಕಿಯ ಕೆಳಗೆ, ಪರದೆಗೆ ತಾಕದಂತೆ, ಮಂಚದಿಂದ ಮೂರಡಿ ದೂರ ನಿಲ್ಲಿಸಿ. ಕಿಟಕಿಯಿಂದ ಇಳಿಯುವ ತಣ್ಣನೆ ಗಾಳಿಯನ್ನು ಅದು ಅಲ್ಲೇ ಹಿಡಿದು ಮೇಲಕ್ಕೆತ್ತುತ್ತದೆ. ಅದಕ್ಕೇ ಚಳಿ ದೇಶಗಳಲ್ಲಿ ರೇಡಿಯೇಟರನ್ನು ಕಿಟಕಿಯಡಿಗೇ ಇಡುವ ರೂಢಿ ಬಂದದ್ದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹರವಬೇಡಿ. ಅವ್ವ ಮಲಗುವ ಒಂದು ಗಂಟೆ ಮೊದಲು ಪೂರ್ತಿ ಹಾಕಿ, ಮಲಗಿದ ಮೇಲೆ ಸಣ್ಣ ಹಂತಕ್ಕೆ ಇಳಿಸಿ, ನಿದ್ದೆ ಹತ್ತಿದ ಮೇಲೆ ಆರಿಸಿಬಿಡಿ. ನಸುಕಿನಲ್ಲಿ ಅವರು ಏಳುವ ಅರ್ಧ ಗಂಟೆ ಮುಂಚೆ ಮತ್ತೆ ಹಾಕಿ.

ಇಷ್ಟೆಲ್ಲದಕ್ಕೂ ಮುಂಚೆ, ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಬ್ಯಾರನ್ನಿಗೆ ಬೆಂಕಿ ಹಾಕುವ ಮುನ್ನ ಅದರ ಸುತ್ತ ಒಂದು ಸುತ್ತು ಬಂದು ಸಂದಿ ನೋಡುತ್ತೀರಲ್ಲ, ಹಾಗೆ ಅವ್ವನ ಕೋಣೆಯ ಸುತ್ತ ಒಂದು ಊದಿನಕಡ್ಡಿ ಹಿಡಿದು ಬನ್ನಿ. ಬಾಗಿಲು, ಕಿಟಕಿ, ವೆಂಟಿಲೇಟರಿನ ಹತ್ತಿರ ಹೊಗೆ ಎಲ್ಲೆಲ್ಲಿ ಓಲಾಡುತ್ತದೋ ಅಲ್ಲೆಲ್ಲ ಸೀಸದಕಡ್ಡಿಯಲ್ಲಿ ಗುರುತು ಹಾಕಿ. ಮೊದಲು ಆ ಸಂದಿಗಳನ್ನು ಮುಚ್ಚಿ, ಆಮೇಲೆ ಹೀಟರ್ ಅಂಗಡಿಗೆ ಹೊರಡಿ.